ಎದುರಿಂದ ಬರುವ ಬೈಕಿನವ್ರು ಕೈ ಎತ್ತಿದ್ರೆ ನಾವೂ ಎತ್ಬೇಕಾ?

ನೀವು ಕೇಳಿದ್ದು ಇಷ್ಟು: ಬೆಂಗಳೂರಿಂದ ಹೊಸ ಬೈಕಲ್ಲಿ ತಲಪಾಡಿ ದಾಟಿ ಬೇಕಲ ಕೋಟೆಗೆ ಹೋಗುವವರಿದ್ದೀರಿ, ದಾರಿಯಲ್ಲಿ ಎದುರಿಂದ ಬರುವ ರೈಡರ್‌ಗಳು ಕೈ ಎತ್ತಿದ್ರೆ ವಾಪಸ್ ಎತ್ಬೇಕಾ, ಯಾವ ಕೈ ಎತ್ಬೇಕು, ಎತ್ತದಿದ್ರೆ ಜಂಬ ಅಂದ್ಕೊಳ್ತಾರಾ. ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ರದವ, ಹದಿನೈದು ವರ್ಷದಿಂದ ಕೆಎಲ್ 14, ಅಂದ್ರೆ ಕಾಸರಗೋಡು ನಂಬರಿನ ಗಾಡಿಗಳಲ್ಲಿ ಇದೇ ರಸ್ತೆಗಳಲ್ಲಿ ತಿರುಗ್ತಿದ್ದೇನೆ, ಹಾಗಾಗಿ ಹೇಳ್ತೇನೆ. ತಲೆ ಆಡಿಸಿ, ಸಾಕು. ಕೈಯ ವಿಷಯ ಸ್ವಲ್ಪ ಉದ್ದ ಉಂಟು, ಅದ್ರಲ್ಲಿ ನಾನು ಮೊಣಕಾಲು ಕೆತ್ತಿಸಿಕೊಂಡದ್ದೂ ಉಂಟು.

ಮೊದ್ಲು ನಿಮ್ಮ ಎರಡು ಕೈಗೆ ಇರುವ ಕೆಲಸ ನೋಡಿ. ಬಲಗೈಯಲ್ಲಿ ಆಕ್ಸಿಲರೇಟರು, ಅದರ ಮೇಲೆಯೇ ಮುಂದಿನ ಬ್ರೇಕು. ಗಾಡಿ ನಿಲ್ಲಿಸುವ ದೊಡ್ಡ ಕೆಲಸ ಮಾಡೋದು ಮುಂದಿನ ಬ್ರೇಕೇ. ಬಲಗೈ ಬಿಟ್ರೆ ಆಕ್ಸಿಲರೇಟರು ಸ್ಪ್ರಿಂಗಲ್ಲಿ ಪಟ್ಟನೆ ವಾಪಸ್ ಹೋಗ್ತದೆ, ಗಾಡಿ ಎಳೆದ ಹಾಗಾಗಿ ಸ್ಲೋ ಆಗ್ತದೆ, ಹಿಂದಿಂದ ಬರುವ ಬಸ್ಸಿನವನಿಗೆ ನೀವು ಯಾರಿಗೆ ನಮಸ್ಕಾರ ಮಾಡ್ತಿದ್ದೀರಿ ಅಂತ ಗೊತ್ತಿರೋದಿಲ್ಲ. ಎಡಗೈಯಲ್ಲಿ ಕ್ಲಚ್ಚು, ಹಾರ್ನು, ಲೈಟಿನ ಸ್ವಿಚ್ಚು, ಗೇರು ಬಿದ್ದ ಮೇಲೆ ಸೀದಾ ರಸ್ತೆಯಲ್ಲಿ ಅದಕ್ಕೆ ಅಷ್ಟೇನೂ ಕೆಲಸ ಇಲ್ಲ. ಹಾಗಾದ್ರೆ ಎಡಗೈ ಎತ್ಬಹುದಲ್ವಾ ಅಂದ್ರೆ, ಎತ್ಬಹುದು, ಆದ್ರೆ ನಮ್ಮಲ್ಲಿ ಎದುರಿಂದ ಬರುವವ ನಿಮ್ಮ ಬಲಕ್ಕೆ ಹಾದು ಹೋಗೋದು. ಎಡಗೈ ಇರೋದು ಚರಂಡಿ ಕಡೆಗೆ.

ಈಗಿನ ಹುಡುಗರು ರೀಲ್ಸ್ ನೋಡಿ ಎಡಗೈಯನ್ನು ಸೊಂಟದ ಕೆಳಗೆ ಇಳಿಸಿ ಎರಡು ಬೆರಳು ತೋರಿಸ್ತಾರಲ್ಲ, ಅದು ಅಮೆರಿಕದ್ದು. ಅಲ್ಲಿ ಗಾಡಿ ಓಡೋದು ರಸ್ತೆಯ ಬಲಕ್ಕೆ, ಎದುರಿನವ ಸಿಗೋದು ನಿಮ್ಮ ಎಡಕ್ಕೆ, ಹಾಗಾಗಿ ಎಡಗೈ ಕೆಳಗಿಳಿಸಿದ್ರೂ ಅವನಿಗೆ ಚೆಂದಕ್ಕೆ ಕಾಣ್ತದೆ. ಇಲ್ಲಿ ಅದನ್ನೇ ಮಾಡಿದ್ರೆ ಟ್ಯಾಂಕಿನ ಹಿಂದೆ ಮುಚ್ಚಿ ಹೋಗ್ತದೆ, ಕಾಣೋದು ಚರಂಡಿ ಬದಿಯ ಕೋಳಿಗಳಿಗೆ ಮಾತ್ರ. ಅಮೆರಿಕದ ಹಾರ್ಲೆ-ಡೇವಿಡ್‌ಸನ್ ಬೈಕ್ ಕಂಪೆನಿ ಶುರುವಾದ ಮರುವರ್ಷ, ಅಂದ್ರೆ 1904ರಲ್ಲಿ, ಅದನ್ನು ಶುರು ಮಾಡಿದ ಹಾರ್ಲೆ ಮತ್ತು ಡೇವಿಡ್‌ಸನ್ ರಸ್ತೆಯಲ್ಲಿ ಎದುರಾಗಿ ಕೈ ಬೀಸಿದ್ರು, ಈ ಪದ್ಧತಿ ಅಲ್ಲಿಂದ ಬಂತು ಅಂತ ಒಂದು ಕತೆ ಉಂಟು, ಕತೆ ಅಂತಲೇ ಇಟ್ಕೊಳ್ಳಿ. ನಮ್ಮ ಹಾಗೆ ಎಡಕ್ಕೆ ಓಡಿಸುವ ಬ್ರಿಟನ್ನಿನವ್ರು ಹೆಚ್ಚಾಗಿ ತಲೆಯನ್ನೇ ಆಡಿಸೋದು, ಕಾರಣ ಇದೇ ಬಲಗೈ. ಫ್ರಾನ್ಸಲ್ಲಂತೂ ದಾರಿ ಬಿಟ್ಟುಕೊಟ್ಟ ಕಾರಿನವನಿಗೆ ಥ್ಯಾಂಕ್ಸ್ ಹೇಳ್ಲಿಕ್ಕೆ ಬೈಕಿನವ್ರು ಬಲಗಾಲು ಹೊರಗೆ ಚಾಚ್ತಾರೆ. ಕಾಲು ತಾಗಿದ್ರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ನಮ್ಮೂರಲ್ಲಿ ಅದನ್ನು ಮಾಡಿ ನೋಡಿ, ಮುಂದಿನ ಜಂಕ್ಷನಲ್ಲಿ ಗಾಡಿ ಅಡ್ಡ ಹಾಕಿ ಕಾಲಿನ ವಿಷಯ ವಿಚಾರಿಸ್ತಾರೆ.

ಈಗ ನಾನು ಬಿದ್ದ ಕತೆ. ಹಿಮಾಲಯನ್ ಬೈಕ್ ತಗೊಂಡು ಎರಡು ತಿಂಗಳಾಗಿತ್ತು, ಜುಲೈ ತಿಂಗಳು, ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ಪೆರ್ಲ ದಾಟಿ ಅಡ್ಕಸ್ಥಳದ ಕಡೆಗೆ ಹೋಗ್ತಿದ್ದೆ. ಮಳೆ ಆಗಷ್ಟೇ ಬಿಟ್ಟಿತ್ತು. ಎದುರಿಂದ ಒಬ್ರು ಹಿರಿಯರು, ಹಳೇ ಸ್ಪ್ಲೆಂಡರು, ಹಿಂದೆ ಪಶು ಆಹಾರದ ಗೋಣಿ ರಬ್ಬರ್ ಟ್ಯೂಬಲ್ಲಿ ಕಟ್ಟಿದ್ದಾರೆ, ಬಲಗೈ ಹ್ಯಾಂಡಲಿಂದ ತೆಗೆದು ಅಂಗೈ ಕೆಳಗೆ ಮಾಡಿ ಗಾಳಿಯನ್ನು ಎರಡು ಸಲ ತಟ್ಟಿದ್ರು. ನಂಗೆ ಖುಷಿಯಾಯ್ತು, ನೋಡಿ ಈ ಪ್ರಾಯದಲ್ಲೂ ರೈಡರ್ ಅಂದ್ರೆ ಎಷ್ಟು ಪ್ರೀತಿ ಅಂತ ಎಡಗೈ ಎರಡು ಬೆರಳು ಎತ್ತಿದೆ. ಅವ್ರು ಇನ್ನೂ ಜೋರಾಗಿ ತಟ್ಟಿದ್ರು. ನಾನು ಕೈ ಇನ್ನೂ ಮೇಲೆ ಎತ್ತಿದೆ.

ಟರ್ನಿಂಗ್ ತಿರುಗಿದ್ರೆ ಗುಡ್ಡೆ ಕಡಿದ ಜಾಗದಿಂದ ಕೆಂಪು ಮಣ್ಣು ಜರಿದು ಅರ್ಧ ರಸ್ತೆಗೆ ಬಂದು ಕೂತಿದೆ, ಅದರ ಮೇಲೆ ನೀರು ಬೇರೆ. ಎಡಗೈ ಇನ್ನೂ ಹ್ಯಾಂಡಲಿಗೆ ಸರಿಯಾಗಿ ಬಂದಿರ್ಲಿಲ್ಲ, ಬಲಗೈ ಗಾಬರಿಯಲ್ಲಿ ಮುಂದಿನ ಬ್ರೇಕ್ ಹಿಂಡಿತು, ಗಾಡಿ ಎಡಕ್ಕೆ ಮಲಗಿತು, ನಾನು ಅದರ ಹಿಂದೆಯೇ ಜಾರಿಕೊಂಡು ಹೋಗಿ ಮಣ್ಣಲ್ಲಿ ಕೂತೆ. ಹೆಚ್ಚೇನಾಗ್ಲಿಲ್ಲ, ಮೊಣಕಾಲಿನ ಚರ್ಮ, ಒಂದು ಕನ್ನಡಿ, ಬಗ್ಗಿದ ಕ್ಲಚ್ ಲಿವರು. ಐದು ನಿಮಿಷದಲ್ಲಿ ಆ ಸ್ಪ್ಲೆಂಡರ್ ವಾಪಸ್ ಬಂತು. ಶಬ್ದ ಕೇಳಿ ತಿರುಗಿಸಿದ್ದು. ಇಬ್ರೂ ಸೇರಿ ಇನ್ನೂರು ಕಿಲೋದ ಹತ್ರ ಬರುವ ಆ ಗಾಡಿಯನ್ನು ಎತ್ತಿ ನಿಲ್ಲಿಸಿದ ಮೇಲೆ ಅವ್ರು ತುಳುವಲ್ಲಿ ಕೇಳಿದ್ರು, ನಾನು ಕೈ ತೋರಿಸಿದ್ದು ಕಾಣ್ಲಿಲ್ವಾ ಅಂತ. ಕಂಡಿತು ಅಂದೆ. ಮತ್ತೆ ಎಂತ ಮಾಡಿದ್ರಿ ಅಂದ್ರು. ನಾನೂ ತೋರಿಸಿದೆ ಅಂದೆ. ನನ್ನ ಮುಖ ಸ್ವಲ್ಪ ಹೊತ್ತು ನೋಡಿ, ಏನೂ ಹೇಳದೆ, ಲಿವರನ್ನು ಕೈಯಲ್ಲೇ ಆದಷ್ಟು ನೆಟ್ಟಗೆ ಮಾಡಿ ಕೊಟ್ಟು ಹೋದ್ರು.

ಬಲಗೈ ಚಾಚಿ ಅಂಗೈ ಕೆಳಗೆ ಮಾಡಿ ಆಡಿಸೋದು ನಿಧಾನದ ಸಿಗ್ನಲ್, ಲರ್ನರ್ಸಿಗೆ ಓದಿ ಪಾಸಾದವ ನಾನೇ. ಪರೀಕ್ಷೆ ಹಾಲಿನ ಬಾಗಿಲಲ್ಲೇ ಬಿಟ್ಟು ಬಂದದ್ದು ಅಷ್ಟೆ.

ಅವತ್ತಿಂದ ನಂದು ಒಂದು ಲೆಕ್ಕ: ನಮ್ಮ ಕಡೆ ಎದುರಿನವ ಕೈ ಎತ್ತಿದ್ರೆ ಮೊದ್ಲು ಎಂತದೋ ಹೇಳ್ತಿದ್ದಾನೆ ಅಂತ ತಿಳ್ಕೊಳ್ಳೋದು, ನಮಸ್ಕಾರ ಆಗಿದ್ರೆ ಅದು ಆಮೇಲೆ. ಆಕ್ಸಿಲರೇಟರ್ ಸ್ವಲ್ಪ ಬಿಟ್ಟು, ಬೆರಳು ಬ್ರೇಕಿನ ಮೇಲೆ ಇಟ್ಟು, ತಲೆ ಒಂದ್ಸಲ ಕೆಳಗೆ ಮೇಲೆ. ಅದು ಎಚ್ಚರಿಕೆ ಆಗಿದ್ರೆ ಗೊತ್ತಾಯ್ತು ಅಂತ ಆಯ್ತು, ಬರೇ ಹಲೋ ಆಗಿದ್ರೆ ವಾಪಸ್ ಹಲೋ ಹೇಳಿದ ಹಾಗೂ ಆಯ್ತು. ಮತ್ತೆ ಇಲ್ಲಿ ಎದುರಿಂದ ಬರುವವ ಕನ್ನಡದವನೋ, ಮಲಯಾಳದವನೋ, ತುಳು, ಬ್ಯಾರಿ, ಕೊಂಕಣಿ, ಮರಾಠಿ ಮಾತಾಡುವವನೋ ಹೆಲ್ಮೆಟ್ ನೋಡಿ ಹೇಳ್ಲಿಕ್ಕಾಗೋದಿಲ್ಲ, ತಲೆ ಆಡಿಸಿದ್ರೆ ಆ ತಲೆಬಿಸಿಯೂ ಇಲ್ಲ.

ಕೆಲವು ಕೈಗಳ ಅರ್ಥ ಹೇಳ್ತೇನೆ. ಐದೂ ಬೆರಳು ಮುಚ್ಚಿ ಬಿಡಿಸಿ ಮಿಣಮಿಣ ಮಾಡಿದ್ರೆ ನಿಮ್ಮ ಹೆಡ್‌ಲೈಟ್ ಹಗಲಲ್ಲಿ ಉರೀತಿದೆ ಅಂತ. 2017ರ ಏಪ್ರಿಲಿಂದ ಬಂದ ಗಾಡಿಗಳಲ್ಲಿ ಇಂಜಿನ್ ಓಡ್ತಿದ್ರೆ ಲೈಟೂ ಉರಿಯುವುದೇ, ಆಫ್ ಮಾಡುವ ಸ್ವಿಚ್ಚೇ ಇಲ್ಲ, ಆದ್ರೂ ಹಳಬರು ಇವತ್ತಿಗೂ ತೋರಿಸ್ತಾರೆ. ಸಿಟ್ಟು ಮಾಡ್ಬೇಡಿ, ಬ್ಯಾಟರಿ ಹಾಳಾಗ್ತದಲ್ಲಾ ಅಂತ ಅವರ ಸಂಕಟ, ಅದಕ್ಕೂ ತಲೆ ಆಡಿಸಿ. ಬೆರಳು ಕೆಳಗೆ ತೋರಿಸಿ ಕಾಲಿನ ಕಡೆ ಕುಟ್ಟಿದ್ರೆ ಸೈಡ್ ಸ್ಟ್ಯಾಂಡ್ ತೆಗೆದಿಲ್ಲ ಅಂತ, ಎಡಕ್ಕೆ ತಿರುಗುವ ಮೊದ್ಲು ನೋಡ್ಕೊಳ್ಳಿ. ಹಿಂದೆ ಕೂತವ್ರ ಕಡೆ ತೋರಿಸಿದ್ರೆ ಸೆರಗೋ ಶಾಲೋ ಚಕ್ರದ ಹತ್ರ ನೇತಾಡ್ತಿದೆ, ಕೂಡ್ಲೇ ನಿಲ್ಲಿಸಿ. ಮುಳ್ಳೇರಿಯ, ಕಾರಡ್ಕ, ದೇಲಂಪಾಡಿ ಕಡೆಯ ಕಾಡಿನ ರಸ್ತೆಯಲ್ಲಿ ಒಮ್ಮೆ ಒಬ್ಬ ಹೆಲ್ಮೆಟ್ಟಿನ ಮುಂದೆ ಮುಂಗೈ ನೇತುಹಾಕಿ ಆಚೀಚೆ ಆಡಿಸಿದ, ನಂಗೆ ಒಂದು ಕ್ಷಣ ಬೇಕಾಯ್ತು ಅರ್ಥ ಆಗ್ಲಿಕ್ಕೆ. ಸೊಂಡಿಲು! ಅಲ್ಲಿ ಕಾಡಾನೆಗಳ ಉಪದ್ರ ಜಾಸ್ತಿ. ಅವತ್ತು ಕೈ ಎತ್ಲಿಕ್ಕೆ ಹೋಗ್ಲಿಲ್ಲ, ಗಾಡಿಯನ್ನೇ ತಿರುಗಿಸಿದೆ.

ಇನ್ನೊಂದು, ಮಧೂರು ದೇವಸ್ಥಾನದ ಎದುರೋ, ಯಾವುದಾದ್ರೂ ದೈವಸ್ಥಾನದ ಎದುರೋ ಬೈಕಿನವ ಬಲಗೈ ಬಿಟ್ಟು ಎದೆಗೆ ಮುಟ್ಟಿಸಿಕೊಂಡ್ರೆ ಅದು ನಿಮಗಲ್ಲ, ಗಣಪತಿಗೆ, ದೈವಕ್ಕೆ. ನೀವು ವಾಪಸ್ ಕೈ ಬೀಸ್ಬೇಡಿ. ಅವನ ಕಣ್ಣೂ ಆ ಹೊತ್ತಿಗೆ ರಸ್ತೆಯಲ್ಲಿ ಇರೋದಿಲ್ಲ, ನೀವೇ ಸ್ವಲ್ಪ ಬದಿಗೆ ಹೋಗಿ.

ಹೆದ್ದಾರಿ 66ರಲ್ಲಿ, ಉಪ್ಪಳ ಕುಂಬಳೆ ಕಾಸರಗೋಡು ಪೇಟೆಗಳಲ್ಲಿ ಇದೆಲ್ಲ ಬೇಡ್ವೇ ಬೇಡ. ಕಂಡ ಬೈಕಿಗೆಲ್ಲ ಕೈ ಎತ್ತುತ್ತಾ ಹೋದ್ರೆ ವೋಟು ಕೇಳ್ಲಿಕ್ಕೆ ಹೊರಟವನ ಹಾಗೆ ಕಾಣ್ತದೆ. ನನ್ನ ಮಾವನ ಹತ್ರ ಬುಲೆಟ್ ಇದ್ದ ಕಾಲದಲ್ಲಿ, ಅದು ಬಲಗಾಲಲ್ಲಿ ಗೇರು ಎಡಗಾಲಲ್ಲಿ ಬ್ರೇಕು ಇದ್ದ ಬುಲೆಟ್ಟು, ಮೂರು ಊರಿಗೆ ನಾಲ್ಕು ಬೈಕು, ಶಬ್ದ ಕೇಳಿಯೇ ಬರುವವ ಯಾರು ಅಂತ ಗೊತ್ತು. ಕೈ ಎತ್ತೋದೆಂತ, ನಿಲ್ಲಿಸಿ ಅಡಿಕೆ ರೇಟು ಮಾತಾಡಿಯೇ ಹೋಗ್ತಿದ್ರು. ಈಗ ಅಂಥ ಭಾವನೆ ಬರೋದಾದ್ರೆ ಕಾಞಂಗಾಡಿಂದ ಪಾಣತ್ತೂರು ದಾಟಿ ಭಾಗಮಂಡಲಕ್ಕೆ ಹೋಗುವ ಕಾಡಿನ ರಸ್ತೆಯಲ್ಲಿ, ಹತ್ತು ನಿಮಿಷಕ್ಕೊಂದು ಗಾಡಿ ಸಿಗ್ತದೆ, ಫೋನಿಗೆ ರೇಂಜ್ ಇಲ್ಲ, ಅಲ್ಲಿ ಎದುರಿನ ಹೆಲ್ಮೆಟ್ಟು ಒಂದ್ಸಲ ಬಗ್ಗಿದ್ರೆ ನಿಜಕ್ಕೂ ಧೈರ್ಯ ಬರ್ತದೆ.

ಇನ್ನು ಯಾರಿಗೆಲ್ಲ ತಲೆ ಆಡಿಸ್ಬೇಕು ಅನ್ನೋದು. ಅದ್ರಲ್ಲಿ ನಂಗೆ ಸಿಟ್ಟು ಬರುವ ಒಂದು ವಿಷಯ ಉಂಟು, ದೊಡ್ಡ ಬೈಕಿನವ್ರು ದೊಡ್ಡ ಬೈಕಿನವ್ರಿಗೆ ಮಾತ್ರ ಕೈ ಎತ್ತೋದು. ಲಗೇಜ್ ಬಾಕ್ಸು, ಜಾಕೆಟ್ಟು ಇದ್ರೆ ಅಣ್ಣ ತಮ್ಮ, ಸ್ಪ್ಲೆಂಡರಲ್ಲಿ ಗೋಣಿ ಇದ್ರೆ ಕಣ್ಣಿಗೇ ಬೀಳೋದಿಲ್ಲ. ನನ್ನನ್ನು ಮಣ್ಣಿಂದ ಎತ್ತಿದ್ದು ಯಾವ ಗಾಡಿ ಅಂತ ಮೇಲೆ ಬರೆದಿದ್ದೇನೆ. ಹೆಂಗಸರು ಗಾಡಿ ಓಡಿಸ್ತಿದ್ರೆ ಬೇರೆಯವ್ರಿಗೆ ಎಷ್ಟೋ ಅಷ್ಟೇ, ತಲೆ ಒಂದ್ಸಲ, ತಿರುಗಿ ನೋಡೋದು ಹಾರ್ನ್ ಹೊಡೆಯೋದು ಎಲ್ಲ ಬೇಡ. ಗುಂಪಲ್ಲಿ ಬಂದ್ರೆ ಮೊದಲಿನವನಿಗೆ ಒಂದು, ಕೊನೆಯವನಿಗೆ ಒಂದು, ಮಧ್ಯದವ್ರು ಬೇಜಾರು ಮಾಡೋದಿಲ್ಲ. ಜೋರು ಮಳೆಯಲ್ಲಿ ತಲೆಯೂ ಬೇಡ, ಬಗ್ಗಿಸಿದ್ರೆ ಹೆಲ್ಮೆಟ್ಟಿನ ಅಂಚಲ್ಲಿ ನಿಂತ ನೀರು ಸೀದಾ ರೈನ್‌ಕೋಟಿನ ಕಾಲರ್ ಒಳಗೆ ಇಳೀತದೆ, ಅನುಭವ ಉಂಟು. ವಾಪಸ್ ಮಾಡದವ್ರ ಬಗ್ಗೆ ಲೆಕ್ಕ ಇಡ್ಬೇಡಿ, ಅವ್ರು ಕ್ಲಚ್ ಹಿಡಿದಿರ್ತಾರೆ, ಹೊಂಡ ತಪ್ಪಿಸ್ತಿರ್ತಾರೆ, ಮನೆಯಲ್ಲಿ ಜಗಳ ಮಾಡಿ ಬಂದಿರ್ತಾರೆ.

ರಸ್ತೆ ಬದಿ ಗಾಡಿ ನಿಲ್ಲಿಸಿಕೊಂಡು ಒಬ್ಬ ನಿಂತಿದ್ರೆ ಮಾತ್ರ ಹಾಗೇ ಹೋಗ್ಬೇಡಿ. ಸ್ಲೋ ಮಾಡಿ ಹೆಬ್ಬೆರಳು ಎತ್ತಿ ಕೇಳಿ, ಅವನೂ ಎತ್ತಿದ್ರೆ ಎಲ್ಲ ಸರಿ ಉಂಟು, ಫೋನಲ್ಲಿ ಮಾತಾಡ್ತಿದ್ದಾನೆ ಅಥ್ವಾ ಮತ್ತೊಂದಕ್ಕೆ ನಿಂತಿದ್ದಾನೆ, ಹೋಗ್ಬಹುದು. ಎತ್ತದೆ ಸುಮ್ಮನೆ ನೋಡ್ತಿದ್ರೆ ನಿಲ್ಲಿಸಿ. ಪಂಕ್ಚರ್ ಕಿಟ್ಟೋ ಅರ್ಧ ಲೀಟರ್ ಪೆಟ್ರೋಲೋ ನಿಮ್ಮ ಹತ್ರ ಇಲ್ಲದಿದ್ರೂ ಮುಂದಿನ ಪೇಟೆಯ ಗ್ಯಾರೇಜಿಗೆ ಸುದ್ದಿ ಮುಟ್ಟಿಸ್ಬಹುದು.

ನಿಮ್ಮ ಬೇಕಲದ ದಾರಿಗೆ ಹೇಳೋದಾದ್ರೆ, ತಲಪಾಡಿ ದಾಟಿ ಹೆದ್ದಾರಿಯಿಂದ ಸರ್ವಿಸ್ ರೋಡಿಗೆ ಇಳಿದಲ್ಲಿ ನಿಮ್ಮದೇ ಬದಿಯಲ್ಲಿ ಎದುರಿಂದ ಸ್ಕೂಟರು ಬರ್ತದೆ, ಒಂದು ಕೈಯಲ್ಲಿ ಮೀನಿನ ಚೀಲ ಹಿಡಿದವ ಇನ್ನೊಂದು ಕೈಯನ್ನೂ ಒಂದು ಗಳಿಗೆ ಬಿಟ್ಟು ಬದಿಗೆ ಹೋಗಿ ಅಂತ ತೋರಿಸ್ತಾನೆ. ಅದು ಗ್ರೀಟಿಂಗ್ ಅಲ್ಲ, ಬದಿಗೆ ಹೋಗಿ.