ಕಡಿದರೂ ಚಿಗುರುವ ಬೊಡ್ಡೆ, ತೋಟ ತುಂಬುವ ಬೇರುಮರಿ: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಈ ಬಾರಿ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಕಡಿದ ಮರದ ಬೊಡ್ಡೆಯನ್ನೂ ಬೇರಿನಿಂದ ಏಳುವ ಮರಿಗಳನ್ನೂ ಕುರಿತವೇ ಆಗಿದ್ದುದರಿಂದ ಅವುಗಳಲ್ಲಿ ಐದನ್ನು ಆರಿಸಿ ಒಟ್ಟಿಗೆ ಉತ್ತರಿಸಲಾಗಿದೆ.

ಪ್ರಶ್ನೆ: ಕೈತೋಟದ ಮೂಲೆಯಲ್ಲಿದ್ದ ಮರವೊಂದನ್ನು ಎರಡು ವರ್ಷಗಳ ಹಿಂದೆ ನೆಲಮಟ್ಟಕ್ಕೆ ಕೊಯ್ಯಿಸಿದೆವು. ಅಂದಿನಿಂದ ಬೊಡ್ಡೆಯ ಸುತ್ತ ಹಿಂಡುಹಿಂಡಾಗಿ ಚಿಗುರು ಬರುತ್ತಿದೆ. ವರ್ಷಕ್ಕೆರಡು ಬಾರಿ ಮಚ್ಚಿನಿಂದ ಸವರಿದರೂ ಮೊದಲಿಗಿಂತ ದಟ್ಟವಾಗಿ ಏಳುತ್ತದೆ. ಇದನ್ನು ಪೂರ್ತಿಯಾಗಿ ನಿಲ್ಲಿಸುವುದು ಹೇಗೆ?

ಉತ್ತರ: ನಿಮ್ಮ ಮರದ ಕಾಂಡ ಹೋಗಿದೆಯೇ ಹೊರತು ಮರ ಇನ್ನೂ ಜೀವಂತವಾಗಿದೆ. ಬುಡದ ತೊಗಟೆಯಡಿ, ಅದರಲ್ಲೂ ಕಾಂಡವೂ ಬೇರೂ ಕೂಡುವ ಭಾಗದಲ್ಲಿ, ಸುಪ್ತ ಮೊಗ್ಗುಗಳು ಅಡಗಿರುತ್ತವೆ. ಮರ ನಿಂತಿರುವವರೆಗೆ ತುದಿಯ ಚಿಗುರುಗಳಿಂದ ಕೆಳಗಿಳಿಯುವ ಆಕ್ಸಿನ್ ಎಂಬ ಹಾರ್ಮೋನು ಇವನ್ನು ಏಳಗೊಡುವುದಿಲ್ಲ. ಕಾಂಡವನ್ನು ಕೊಯ್ದ ಕೂಡಲೇ ಆ ತಡೆ ತಪ್ಪುತ್ತದೆ, ಬೇರಿನಲ್ಲಿ ಕೂಡಿಟ್ಟ ಪಿಷ್ಟವೆಲ್ಲ ಈ ಮೊಗ್ಗುಗಳ ಪಾಲಾಗುತ್ತದೆ. ಎಲ್ಲ ಮರಗಳೂ ಹೀಗೆ ಹಟ ಹಿಡಿಯುವುದಿಲ್ಲ. ಬೆಳೆಯುವ ಮೊಳಕೆ ತುದಿಯಲ್ಲಿ ಒಂದೇ ಇರುವ ತೆಂಗು ಮತ್ತು ಅಡಿಕೆ ಕಡಿದ ಮೇಲೆ ಚಿಗುರುವುದಿಲ್ಲ, ಪೈನ್ ಜಾತಿಯ ಬಹುತೇಕ ಮರಗಳದೂ ಅದೇ ಕಥೆ. ನೀಲಗಿರಿ, ತೇಗ, ಬೇವು, ಗ್ಲಿರಿಸಿಡಿಯ, ಸುಬಾಬುಲ್‌ಗಳಾದರೆ ಕಡಿದಷ್ಟೂ ಚಿಗುರುವ ಜಾತಿಗೆ ಸೇರಿದವು. ಸೌದೆಗೂ ಮೇವಿಗೂ ಇವನ್ನು ಬೆಳೆಸುವುದು ಈ ಗುಣಕ್ಕಾಗಿಯೇ.

ವರ್ಷಕ್ಕೆರಡು ಬಾರಿ ಸವರುವುದು ಏಕೆ ಫಲಿಸುತ್ತಿಲ್ಲ ಎಂಬುದನ್ನು ತಿಳಿದರೆ ಪರಿಹಾರವೂ ಅಲ್ಲಿಯೇ ಸಿಗುತ್ತದೆ. ಎಳೆಯ ಎಲೆ ಬೇರಿನಿಂದ ಸಾಲ ತೆಗೆದು ಬೆಳೆಯುತ್ತದೆ, ಬಲಿತ ಎಲೆ ಆ ಸಾಲವನ್ನು ಬಡ್ಡಿಸಮೇತ ಹಿಂದಿರುಗಿಸುತ್ತದೆ. ಆರು ತಿಂಗಳು ಸುಮ್ಮನಿದ್ದು ಆಮೇಲೆ ಮಚ್ಚು ಹಿಡಿಯುವವರು ಸಾಲ ಪೂರ್ತಿ ತೀರಿದ ಮೇಲೆ ಬರುವವರು. ಆದ್ದರಿಂದ ಚಿಗುರಿನ ಎಲೆ ಅಗಲವಾಗಿ ಬಿಡಿಸಿಕೊಂಡಿದ್ದರೂ ಇನ್ನೂ ತೆಳುವಾಗಿ, ಎಳೆ ಹಸಿರಾಗಿ ಇರುವ ಹಂತದಲ್ಲಿಯೇ ಅದನ್ನು ತೆಗೆಯಬೇಕು. ಬೆಳವಣಿಗೆಯ ಕಾಲದಲ್ಲಿ ಇದು ಸುಮಾರು ಎರಡು ಮೂರು ವಾರಗಳಿಗೊಮ್ಮೆ ಬರುವ ಕೆಲಸ. ಹೆಬ್ಬೆರಳುದ್ದದ ಚಿಗುರನ್ನು ಕತ್ತರಿಸುವುದಕ್ಕಿಂತ ಬುಡಕ್ಕೆ ಕೈಹಾಕಿ ಬುಡಕ್ಕಂಟಿದ ತೊಗಟೆಯ ಚೂರಿನ ಸಮೇತ ಕಿತ್ತು ತೆಗೆಯುವುದು ಮೇಲು, ಏಕೆಂದರೆ ಕತ್ತರಿಸಿದಾಗ ಉಳಿಯುವ ತುಂಡಿನ ಬುಡದಲ್ಲಿರುವ ಮೊಗ್ಗುಗಳಿಂದ ಒಂದರ ಜಾಗದಲ್ಲಿ ಮೂರು ನಾಲ್ಕು ಏಳುತ್ತವೆ. ನಿಮ್ಮಲ್ಲಿ ಚಿಗುರು ದಟ್ಟವಾಗುತ್ತಿರುವುದಕ್ಕೆ ಕಾರಣವೂ ಇದೇ. ಹೀಗೆ ತಪ್ಪದೆ ಮಾಡಿದರೆ ಸಣ್ಣ ಬೊಡ್ಡೆ ಒಂದೆರಡು ಹಂಗಾಮುಗಳಲ್ಲಿ ಸೊರಗಿ ಸಾಯುತ್ತದೆ. ದೊಡ್ಡದಕ್ಕೆ ಇನ್ನೂ ಹೆಚ್ಚು ತಾಳ್ಮೆ ಬೇಕು. ಬೊಡ್ಡೆಯನ್ನು ಬೆಳಕು ತೂರದ ದಪ್ಪ ಕಪ್ಪು ಹಾಳೆಯಿಂದ ಮುಚ್ಚಿ, ಅಂಚಿಗೆ ಮಣ್ಣೇರಿಸಿದರೆ ಕೆಲಸ ಹಗುರವಾಗುತ್ತದೆ, ಆದರೆ ಅಂಚಿನಿಂದ ನುಸುಳಿ ಬರುವ ಚಿಗುರಿನ ಮೇಲೆ ಕಣ್ಣಿರಲಿ.

ಅಗೆದು ತೆಗೆಯುವಷ್ಟು ಚಿಕ್ಕ ಬೊಡ್ಡೆಯಾಗಿದ್ದರೆ ಅದಕ್ಕಿಂತ ಖಚಿತವಾದ ದಾರಿಯಿಲ್ಲ. ಮೊದಲು ಆ ಜಾಗದಲ್ಲಿ ನೀರಿನ ಪೈಪು, ಒಳಚರಂಡಿ ಅಥವಾ ವಿದ್ಯುತ್ ಕೇಬಲ್ ಹಾದುಹೋಗಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಬುಡದಿಂದ ಎರಡಡಿ ದೂರದಲ್ಲಿ ಸುತ್ತಲೂ ಕಾಲುವೆ ತೋಡಿ, ಬೇರುಗಳಿಗೆ ಅಂಟಿದ ಮಣ್ಣನ್ನು ನೀರುಹಾಯಿಸಿ ತೊಳೆದು, ಪ್ರತಿ ದಪ್ಪ ಬೇರನ್ನೂ ಎರಡು ಕಡೆ ಕಡಿದು ನಡುವಣ ತುಂಡನ್ನು ಹೊರತೆಗೆಯಿರಿ. ಒಂದೇ ಕಡೆ ಕಡಿದರೆ ಹಾರೆಯಾಡಿಸಲು ಜಾಗವೇ ಸಿಗುವುದಿಲ್ಲ. ಮಣ್ಣು ಮೆತ್ತಿದ ಬೇರಿನ ಮೇಲೆ ಗರಗಸ ಹಾಕಿದರೆ ಹಲ್ಲು ಕ್ಷಣದಲ್ಲಿ ಮೊಂಡಾಗುತ್ತದೆ. ತೊಳೆಯಲು ಹೇಳಿದ್ದು ಅದಕ್ಕಾಗಿಯೇ. ಮರವನ್ನು ಇನ್ನೂ ಕಡಿಸದಿರುವ ಓದುಗರು ಒಂದು ಮಾತು ನೆನಪಿಡಬೇಕು: ಅಗೆದು ತೆಗೆಯುವ ಉದ್ದೇಶವಿದ್ದರೆ ಕಾಂಡವನ್ನು ಎದೆಮಟ್ಟಕ್ಕೆ ಉಳಿಸಿ ಕಡಿಸಿ. ಬೇರು ಸಡಿಲವಾದ ಮೇಲೆ ಅದನ್ನೇ ಹಿಡಿದು ಅತ್ತಿತ್ತ ಅಲುಗಾಡಿಸಬಹುದು. ನೆಲಸಮ ಮಾಡಿದ ಬೊಡ್ಡೆಗೆ ಹಿಡಿಯೇ ಇರುವುದಿಲ್ಲ. ವಾಹನಕ್ಕೆ ಸರಪಳಿ ಕಟ್ಟಿ ಎಳೆಯುವ ಸಾಹಸ ಬೇಡ. ತುಂಡಾದ ಸರಪಳಿ ಯಾವ ಕಡೆ ಬಂದು ಬಡಿಯುವುದೆಂದು ಹೇಳಲಾಗದು.

ಕಳೆನಾಶಕ ಬಳಸಲೇಬೇಕೆಂದಾದರೆ ಗ್ಲೈಫೋಸೇಟ್ ಅಥವಾ ಟ್ರೈಕ್ಲೋಪಿರ್ ಇರುವ ಔಷಧಗಳು ಈ ಕೆಲಸಕ್ಕೆ ಬಳಕೆಯಲ್ಲಿವೆ. ಆದರೆ ಅವುಗಳ ಮಾರಾಟಕ್ಕೂ ಬಳಕೆಗೂ ಒಂದೊಂದು ಕಡೆ ಒಂದೊಂದು ನಿಯಮವಿರುವುದರಿಂದ ನಿಮ್ಮಲ್ಲಿ ಅನುಮತಿ ಇದೆಯೇ ಎಂದು ಮೊದಲು ವಿಚಾರಿಸಿ, ಡಬ್ಬಿಯ ಮೇಲಿನ ಪ್ರಮಾಣವನ್ನು ಮೀರದೆ ಬಳಸಬೇಕು. ಹೆಚ್ಚಿನವರು ಎಡವುವುದು ಹಚ್ಚುವ ಜಾಗದಲ್ಲಿ. ಕೊಯ್ದ ಮೇಲ್ಮೈಯ ನಡುಭಾಗ ಸತ್ತ ಚೇಗು. ಅಲ್ಲಿ ಎಷ್ಟು ಸುರಿದರೂ ವ್ಯರ್ಥ. ತೊಗಟೆಯ ಒಳಮಗ್ಗುಲಲ್ಲಿ ಉಂಗುರದಂತಿರುವ ಹಸಿ ಪದರವೇ ಔಷಧವನ್ನು ಬೇರಿಗೆ ಒಯ್ಯುವ ದಾರಿ. ನೀರಿನಲ್ಲಿ ಕಲಸುವ ಔಷಧವಾದರೆ ಕೊಯ್ದ ಕೆಲವೇ ನಿಮಿಷಗಳಲ್ಲಿ, ಆ ದಾರಿ ಮುಚ್ಚಿಕೊಳ್ಳುವ ಮುನ್ನ, ಕುಂಚದಿಂದ ಉಂಗುರದುದ್ದಕ್ಕೂ ಬಳಿಯಬೇಕು. ನಿಮ್ಮದು ಹಳೆಯ ಕೊಯ್ತವಾದ್ದರಿಂದ ಮೇಲಿನಿಂದ ಇನ್ನೊಂದು ಬಿಲ್ಲೆ ಕೊಯ್ದು ಹಸಿ ಮರ ಕಾಣುವಂತೆ ಮಾಡದ ಹೊರತು ಫಲವಿಲ್ಲ. ಹೊಸ ಚಿಗುರು ರಭಸದಿಂದ ಮೇಲೇಳುವ ಕಾಲದಲ್ಲಿ ರಸದ ಒತ್ತಡ ಔಷಧವನ್ನು ಹೊರದೂಡುವುದರಿಂದ ಆ ದಿನಗಳನ್ನು ಬಿಟ್ಟುಬಿಡಿ. ಅಕ್ಕಪಕ್ಕದಲ್ಲಿ ಅದೇ ಜಾತಿಯ ಮರಗಳಿದ್ದರೆ ಈ ದಾರಿ ಹಿಡಿಯಲೇಬೇಡಿ. ಒಂದೇ ಜಾತಿಯ ಮರಗಳ ಬೇರುಗಳು ನೆಲದಡಿಯಲ್ಲಿ ಒಂದಕ್ಕೊಂದು ಬೆಸೆದುಕೊಂಡಿರುವುದುಂಟು, ಬೊಡ್ಡೆಗೆ ಹಚ್ಚಿದ್ದು ನೆರೆಯ ಮರವನ್ನು ತಲಪಬಹುದು.

ಪ್ರಶ್ನೆ: ನಮ್ಮ ಆಕಾಶಮಲ್ಲಿಗೆ ಮರ ಆರೋಗ್ಯವಾಗಿದೆ, ಅದನ್ನು ಕಡಿಯುವ ಮನಸ್ಸಿಲ್ಲ. ಆದರೆ ಹುಲ್ಲುಹಾಸಿನ ತುಂಬ, ಮರದಿಂದ ಹತ್ತು ಹದಿನೈದು ಅಡಿ ದೂರದಲ್ಲಿಯೂ, ಅದರ ಮರಿಗಳು ಏಳುತ್ತಿವೆ. ಅವಕ್ಕೆ ಮಾತ್ರ ಕಳೆನಾಶಕ ಹೊಡೆಯಬಹುದೇ?

ಉತ್ತರ: ಖಂಡಿತ ಬೇಡ. ನೆಲದ ಮೇಲೆ ಬಿಡಿಬಿಡಿಯಾಗಿ ಕಾಣುವ ಆ ಮರಿಗಳೆಲ್ಲ ತಾಯಿಮರದ ಬೇರಿನ ಮೇಲೆಯೇ ಹುಟ್ಟಿದವು. ಅವುಗಳ ಎಲೆಗೆ ಹೊಡೆದ ಔಷಧ ಅದೇ ಬೇರಿನ ಮೂಲಕ ನೀವು ಉಳಿಸಬೇಕೆಂದಿರುವ ಮರಕ್ಕೆ ಸೇರುತ್ತದೆ. ಸಂಶಯವಿದ್ದರೆ ಒಂದು ಮರಿಯ ಬುಡವನ್ನು ಕೈಯಿಂದ ಕೆದಕಿ ನೋಡಿ. ಬೀಜದಿಂದ ಹುಟ್ಟಿದ್ದಾದರೆ ನೇರ ಕೆಳಗಿಳಿದ ತನ್ನದೇ ತಾಯಿಬೇರು ಇರುತ್ತದೆ, ಎಳೆದರೆ ಪೂರ್ತಿ ಬರುತ್ತದೆ. ಬೇರುಮರಿಯಾದರೆ ನಾಲ್ಕಾರು ಅಂಗುಲ ಕೆಳಗೆ ಬೆರಳು ಗಾತ್ರದ ಅಡ್ಡ ಬೇರೊಂದರ ಬೆನ್ನ ಮೇಲೆ ನಿಂತಿರುತ್ತದೆ, ಎಳೆದರೆ ಅರ್ಧಕ್ಕೆ ತುಂಡಾಗುತ್ತದೆ.

ಹೊಂಗೆ, ಬಿಲ್ವ, ಕರಿಬೇವು, ಪಾಪ್ಲಾರ್ ಇವೂ ಹೀಗೆ ಬೇರಿನಿಂದ ಹಬ್ಬುವ ಸ್ವಭಾವದವು. ಈ ಸ್ವಭಾವ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಅಮೆರಿಕದ ಯೂಟಾ ರಾಜ್ಯದಲ್ಲಿ ಪಾಂಡೊ ಎಂದು ಹೆಸರಾದ ಆಸ್ಪೆನ್ ತೋಪು ಸಾಕ್ಷಿ: ಸುಮಾರು 43 ಹೆಕ್ಟೇರ್‌ನಲ್ಲಿ ನಿಂತ ಸುಮಾರು 47,000 ಕಾಂಡಗಳೆಲ್ಲ ಒಂದೇ ಗಿಡದ ಬೇರುಮರಿಗಳು. ಹುಲ್ಲುಹಾಸಿನ ಗಾತ್ರಕ್ಕೆ ಇಳಿದು ಹೇಳುವುದಾದರೆ, ಮರಿಗಳು ಹೆಚ್ಚುವುದು ಬೇರಿಗೆ ಪೆಟ್ಟು ಬಿದ್ದಾಗ ಮತ್ತು ಮೇಲಿನ ಕೊಂಬೆಗಳನ್ನು ವಿಪರೀತ ಸವರಿದಾಗ. ಹೀಗಾಗಿ ಮರದ ಸುತ್ತ ಗುದ್ದಲಿಯಿಂದ ಕೆತ್ತುವುದನ್ನು ಮೊದಲು ನಿಲ್ಲಿಸಬೇಕು. ಮೇಲಕ್ಕೆದ್ದ ಬೇರನ್ನು ಹುಲ್ಲು ಕತ್ತರಿಸುವ ಯಂತ್ರ ತರಚುತ್ತಿದ್ದರೆ ಆ ಭಾಗದಲ್ಲಿ ಹುಲ್ಲಿನ ಹಂಬಲ ಬಿಟ್ಟು ತರಗೆಲೆಯ ಹೊದಿಕೆ ಹಾಸಿಬಿಡಿ. ಪ್ರತಿ ಮರಿಯನ್ನೂ ಎಳೆಯದಾಗಿರುವಾಗಲೇ ಮಣ್ಣು ಬಿಡಿಸಿ, ಅಡ್ಡ ಬೇರಿನಿಂದ ಸಿಗಿದು ತೆಗೆಯಬೇಕು. ನೆಲಮಟ್ಟಕ್ಕೆ ಕತ್ತರಿಸುವುದು ಅದನ್ನು ಕವಲೊಡೆಸುವ ಉಪಾಯವಷ್ಟೆ. ಹೂವಿನ ಪಾತಿಯ ಕಡೆಗೆ ಬೇರು ನುಗ್ಗುತ್ತಿದ್ದರೆ ಆ ಮಗ್ಗುಲಲ್ಲಿ ಎರಡಡಿ ಆಳದ ಕಾಲುವೆ ತೋಡಿ, ಅಡ್ಡ ಬಂದ ಬೇರುಗಳನ್ನು ಹರಿತವಾದ ಆಯುಧದಿಂದ ನಯವಾಗಿ ಕಡಿದು, ಗಟ್ಟಿ ಪ್ಲಾಸ್ಟಿಕ್ ಹಾಳೆಯನ್ನು ನೆಲದಿಂದ ಎರಡಂಗುಲ ಮೇಲಕ್ಕೆ ಕಾಣುವಂತೆ ನಿಲ್ಲಿಸಿ ಮಣ್ಣು ತುಂಬಬಹುದು. ಅಂಚು ಮಣ್ಣಿನೊಳಗೆ ಮುಚ್ಚಿಹೋದರೆ ಬೇರು ಅದರ ಮೇಲಿಂದಲೇ ಹಾದುಬರುತ್ತದೆ. ಈ ಕಾಲುವೆಯನ್ನು ಮರದ ಒಂದೇ ಪಕ್ಕದಲ್ಲಿ, ಕಾಂಡದಿಂದ ಸಾಧ್ಯವಾದಷ್ಟು ದೂರದಲ್ಲಿ ತೋಡಬೇಕು. ಬುಡದ ಹತ್ತಿರ ದಪ್ಪ ಬೇರುಗಳನ್ನು ಕಡಿದರೆ ಮರ ಗಾಳಿಗೆ ಉರುಳುವ ಅಪಾಯವಿದೆ.

ಮುಂದೊಂದು ದಿನ ಮರವನ್ನೇ ತೆಗೆಯುವ ತೀರ್ಮಾನವಾದರೆ ಇಂಥ ಜಾತಿಯನ್ನು ಏಕಾಏಕಿ ಉರುಳಿಸಬೇಡಿ. ಮೇಲಿನ ತಡೆ ತಪ್ಪಿದೊಡನೆ ಬೇರಿನುದ್ದಕ್ಕೂ ನೂರಾರು ಮರಿಗಳು ಒಮ್ಮೆಲೇ ಏಳುತ್ತವೆ. ಇಂಥ ಮರಗಳಿಗೆ ನಿಂತಿರುವಾಗಲೇ, ಎಲೆಗಳು ಆಹಾರವನ್ನು ಬೇರಿಗೆ ಇಳಿಸುವ ಕಾಲದಲ್ಲಿ, ತಜ್ಞರಿಂದ ಔಷಧ ಕೊಡಿಸಿ, ಬೇರು ಸತ್ತ ಮೇಲೆ ಕಡಿಯುವುದು ವಾಡಿಕೆ.

ಪ್ರಶ್ನೆ: ಬೊಡ್ಡೆಗೆ ತೂತು ಕೊರೆದು ಕಲ್ಲುಪ್ಪು ತುಂಬಿದರೆ ಅಥವಾ ಸೀಮೆಎಣ್ಣೆ ಸುರಿದು ಸುಟ್ಟರೆ ಬೇಗ ಹೋಗುತ್ತದೆ ಎನ್ನುತ್ತಾರೆ. ತಾಮ್ರದ ಮೊಳೆ ಹೊಡೆಯಲು ಹೇಳಿದವರೂ ಇದ್ದಾರೆ. ಯಾವುದು ಸರಿ?

ಉತ್ತರ: ಮೂರೂ ಬೇಡ. ಬೊಡ್ಡೆಯನ್ನು ಕೊಲ್ಲುವಷ್ಟು ಉಪ್ಪು ಹಾಕಿದರೆ ಸುತ್ತಲಿನ ಮಣ್ಣೂ ಕೆಡುತ್ತದೆ. ಉಪ್ಪಿನ ಸೋಡಿಯಂ ಜೇಡಿಮಣ್ಣಿನ ಕಣಗಳು ಕೂಡಿಕೊಂಡ ರಚನೆಯನ್ನು ಒಡೆದು ನೀರಿಂಗದಂತೆ ಮಾಡುತ್ತದೆ, ಮುಂದೆ ಅಲ್ಲಿ ಏನು ನೆಟ್ಟರೂ ಸೊರಗುತ್ತದೆ. ಸೀಮೆಎಣ್ಣೆ, ಡೀಸೆಲ್‌ಗಳು ಮಣ್ಣಿಗೂ ಅಂತರ್ಜಲಕ್ಕೂ ವಿಷ. ಬೆಂಕಿಯ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು: ಹಸಿ ಬೊಡ್ಡೆ ಹತ್ತಿಕೊಳ್ಳುವುದೇ ಇಲ್ಲ, ಒಣಗಿದ್ದು ಹತ್ತಿಕೊಂಡರೆ ಕೆಂಡ ಬೇರಿನೊಳಗೆ ಹೊಕ್ಕು ದಿನಗಟ್ಟಲೆ ಹೊಗೆಯಾಡುತ್ತ, ನೀವು ಆರಿತೆಂದುಕೊಂಡ ಮೇಲೆ ಬೇರೆಲ್ಲೋ ತಲೆಯೆತ್ತಬಹುದು. ತಾಮ್ರದ ಮೊಳೆಯಿಂದ ಮೊಳೆಯಷ್ಟು ಅಗಲದ ಗಾಯವಾಗುತ್ತದೆ, ಅಷ್ಟೆ. ಬೊಡ್ಡೆ ಕರಗಿಸುವ ಪುಡಿಯೆಂದು ಮಾರುವ ಪೊಟ್ಯಾಸಿಯಂ ನೈಟ್ರೇಟ್ ಮರವನ್ನು ಕೊಲ್ಲುವುದಿಲ್ಲ. ಆಗಲೇ ಸತ್ತು ಒಣಗಿದ ಮರವನ್ನು ಕೊಳೆಸುವ ಶಿಲೀಂಧ್ರಗಳಿಗೆ ಅದು ಸಾರಜನಕ ಒದಗಿಸುತ್ತದೆ, ಫಲ ಕಾಣಲು ತಿಂಗಳುಗಳೇ ಬೇಕು. ಸತ್ತ ಬೊಡ್ಡೆಯನ್ನು ಬೇಗ ಕೊಳೆಸುವುದೇ ಗುರಿಯಾದರೆ ಅದರ ಮೇಲ್ಮೈಯಲ್ಲಿ ಆಳವಾದ ತೂತುಗಳನ್ನು ಕೊರೆದು, ಕೊಟ್ಟಿಗೆ ಗೊಬ್ಬರ ಬೆರೆಸಿದ ಮಣ್ಣು ಮುಚ್ಚಿ, ತೇವ ಆರದಂತೆ ನೋಡಿಕೊಂಡರೆ ಸಾಕು.

ಪ್ರಶ್ನೆ: ಕಸಿ ಗುಲಾಬಿಯ ಬುಡದಿಂದ ಉದ್ದನೆಯ, ಮುಳ್ಳು ಬೇರೆ ಬಗೆಯ ಕಡ್ಡಿಯೊಂದು ಎದ್ದಿದೆ. ಹೂ ಬಿಟ್ಟೀತೆಂದು ಉಳಿಸಿಕೊಳ್ಳಲೇ?

ಉತ್ತರ: ಅದು ಹುಟ್ಟಿದ ಜಾಗ ನೋಡಿ. ಕಸಿಗಂಟಿನಿಂದ ಮೇಲೆ ಹುಟ್ಟಿದ್ದರೆ ನಿಮ್ಮದೇ ಗುಲಾಬಿ, ಕೆಳಗೆ ಹುಟ್ಟಿದ್ದರೆ ಬೇರಿಗಾಗಿ ಬಳಸಿದ ಕಾಡುಗುಲಾಬಿ. ಎರಡನೆಯದಾದರೆ ಅದು ಹೂ ಬಿಟ್ಟರೂ ನೀವು ಬಯಸಿದ ಹೂವಲ್ಲ, ತೆಗೆಯದೆ ಹಾಗೇ ಬಿಟ್ಟಷ್ಟು ಕಾಲ ಮೇಲಿನ ಕಸಿಯ ಆಹಾರ ಕಸಿದು ಕೊನೆಗೆ ಗಿಡವನ್ನೇ ಆಕ್ರಮಿಸುತ್ತದೆ. ಮಣ್ಣು ಸರಿಸಿ, ಹುಟ್ಟಿದ ಬಿಂದುವಿನಲ್ಲಿಯೇ ಕೆಳಮುಖವಾಗಿ ಸಿಗಿದು ತೆಗೆಯಿರಿ. ಕಸಿ ಮಾಡಿದ ನಿಂಬೆ, ಮಾವು, ಸಪೋಟಗಳಿಗೂ ಇದೇ ನಿಯಮ.

ಪ್ರಶ್ನೆ: ಯಂತ್ರದಿಂದ ಬೊಡ್ಡೆಯನ್ನು ಪುಡಿಮಾಡಿಸಿದ್ದೇವೆ. ಅದೇ ಗುಂಡಿಯಲ್ಲಿ ಹೊಸ ಗಿಡ ನೆಡಬಹುದೇ? ಬೇರು ಒಳಗೇ ಉಳಿದರೆ ರೋಗ ಬರುವುದೇ?

ಉತ್ತರ: ಇಂಥ ಯಂತ್ರಗಳು ಸಾಮಾನ್ಯವಾಗಿ ನೆಲದಿಂದ 15ರಿಂದ 30 ಸೆಂಟಿಮೀಟರ್ ಆಳದವರೆಗೆ ಮಾತ್ರ ಪುಡಿಮಾಡುತ್ತವೆ, ಅದರ ಕೆಳಗಿನ ಬೇರುಗಳು ಹಾಗೆಯೇ ಇರುತ್ತವೆ. ಮರ ಬುಡದಿಂದ ಮಾತ್ರ ಚಿಗುರುವ ಜಾತಿಯದಾದರೆ ಇಷ್ಟು ಸಾಕು, ಬೇರಿನಿಂದ ಮರಿಯೇಳುವ ಜಾತಿಯದಾದರೆ ಸಾಲದು. ಗುಂಡಿಯಲ್ಲಿ ಉಳಿದ ಹೊಟ್ಟನ್ನು ಮಣ್ಣಿಗೆ ಬೆರೆಸಬೇಡಿ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ತಾವೇ ಹೀರಿಕೊಳ್ಳುವುದರಿಂದ ಹೊಸ ಗಿಡದ ಎಲೆ ಹಳದಿಗೆ ತಿರುಗುತ್ತದೆ. ಹೊಟ್ಟು ಕೊಳೆತಂತೆ ಗುಂಡಿಯೂ ಕುಸಿದು ಗಿಡ ವಾಲುತ್ತದೆ. ಹೊಟ್ಟನ್ನು ಪೂರ್ತಿ ಬಾಚಿ ತೆಗೆದು ಬೇರೆಡೆ ಹೊದಿಕೆಯಾಗಿ ಬಳಸಿ, ಗುಂಡಿಗೆ ಹೊಸ ಮಣ್ಣು ತುಂಬಿ, ಸಾಧ್ಯವಾದರೆ ಹಳೆಯ ಬುಡದಿಂದ ನಾಲ್ಕಾರು ಅಡಿ ಸರಿದು ನೆಡಿ.

ರೋಗದ ಉತ್ತರ ಹಳೆಯ ಮರ ಹೇಗೆ ಹೋಯಿತು ಎಂಬುದನ್ನು ಅವಲಂಬಿಸಿದೆ. ಆರೋಗ್ಯವಾಗಿದ್ದ ಮರವಾದರೆ ಒಳಗೆ ಕೊಳೆಯುವ ಬೇರಿನಿಂದ ಮಣ್ಣಿಗೆ ಲಾಭವೇ ಹೆಚ್ಚು, ಬೊಡ್ಡೆಯ ಮೇಲೆ ಏಳುವ ಅಣಬೆಗಳಲ್ಲಿ ಬಹುಪಾಲು ಸತ್ತ ಮರವನ್ನು ತಿಂದು ಬದುಕುವ ನಿರುಪದ್ರವಿಗಳು. ಮರ ತಾನಾಗಿ ಒಣಗಿ ಸತ್ತಿದ್ದರೆ ಮಾತ್ರ ಬುಡದ ತೊಗಟೆಯನ್ನು ಎಬ್ಬಿಸಿ ನೋಡಿ. ಒಳಗೆ ಬೀಸಣಿಗೆಯಾಕಾರದ ಬಿಳಿ ಪೊರೆ, ಅಣಬೆಯ ವಾಸನೆ, ಸುತ್ತಲಿನ ಮಣ್ಣಿನಲ್ಲಿ ಬೂಟಿನ ದಾರದಂಥ ಕಪ್ಪು ಎಳೆಗಳು ಕಂಡರೆ ಅದು ಆರ್ಮಿಲೇರಿಯ ಎಂಬ ಬೇರುಕೊಳೆ ಶಿಲೀಂಧ್ರ. ಬೊಡ್ಡೆಯನ್ನು ನೆಲೆಯಾಗಿ ಮಾಡಿಕೊಂಡು ಅಲ್ಲಿಂದ ಜೀವಂತ ಗಿಡಗಳ ಮೇಲೆ ದಾಳಿಯಿಡುವುದು ಅದರ ಕ್ರಮ. ಸತ್ತ ತೆಂಗು, ಅಡಿಕೆಗಳ ಬುಡದಲ್ಲಿ ಮೆರುಗೆಣ್ಣೆ ಬಳಿದಂತೆ ಹೊಳೆಯುವ ಗಟ್ಟಿ ಅಣಬೆ ಕಂಡರೆ ಅದು ಗ್ಯಾನೊಡರ್ಮ. ಈ ಎರಡರಲ್ಲಿ ಯಾವುದಿದ್ದರೂ ಪುಡಿಮಾಡಿಸಿದ್ದು ಸಾಲದು. ಉಳಿದ ಬೇರುಗಳನ್ನು ಸಿಕ್ಕಷ್ಟೂ ಅಗೆದು ತೆಗೆಯಬೇಕು, ತೆಗೆದದ್ದನ್ನೂ ಯಂತ್ರದ ಹೊಟ್ಟನ್ನೂ ತೋಟದೊಳಗೆ ಎಲ್ಲಿಯೂ ಬಳಸದೆ ಹೊರಸಾಗಿಸಬೇಕು, ಆ ಜಾಗದಲ್ಲಿ ಕೆಲವು ವರ್ಷ ಮರಜಾತಿಯ ಯಾವ ಗಿಡವನ್ನೂ ನೆಡದೆ ಹುಲ್ಲನ್ನೋ ಒಂದೇ ಹಂಗಾಮಿನ ಹೂಗಿಡಗಳನ್ನೋ ಬೆಳೆಸಬೇಕು.