ಮುತ್ತನಿಗೆ ವಯಸ್ಸಾಗಬಾರದಾ ಮೇಷ್ಟ್ರೇ?

ಈ ಸಲ ಬಂದ ಪತ್ರಗಳಲ್ಲಿ ಒಂದನ್ನು ಪಕ್ಕಕ್ಕೆ ಎತ್ತಿಟ್ಟುಕೊಂಡೆ. ಬರೆದವರು ರಿಟೈರ್ ಆದ ಮೇಷ್ಟ್ರು, ಹೆಸರು ಹಾಕಬೇಡಿ ಎಂದಿದ್ದಾರೆ. ನಾಲ್ಕು ಹಾಳೆ, ಎರಡೂ ಬದಿ, ಜಾಗ ಸಾಲದೆ ಅಂಚಿನಲ್ಲೂ ಬರೆದಿದ್ದಾರೆ. ಜೊತೆಗೆ ಒಂದು ಹಳೇ ಪೇಪರ್ ಕಟಿಂಗ್. ಅದರಲ್ಲಿ ‘ಚಿನ್ನಾರಿ ಮುತ್ತ’ ಸಿನಿಮಾದಲ್ಲಿ ಮುತ್ತನಾಗಿದ್ದ ಹುಡುಗ ವಿಜಯ್ ರಾಘವೇಂದ್ರ ಅವರ ಫೋಟೋ, ಫೋಟೋದ ಪಕ್ಕ ಕೆಂಪು ಇಂಕಿನಲ್ಲಿ ‘ಭೇಷ್’ ಅಂತ ಮೇಷ್ಟ್ರ ಕೈಬರಹ.

ಪತ್ರದ ಸಾರ ಇಷ್ಟು. ‘ಮೊಮ್ಮಕ್ಕಳ ಜೊತೆ ಟಿವಿಯಲ್ಲಿ ಮಕ್ಕಳ ಶೋ ನೋಡುತ್ತಿದ್ದೆ. ಜಡ್ಜ್ ಕುರ್ಚಿಯಲ್ಲಿ ವಿಜಯ್ ರಾಘವೇಂದ್ರ ಕೂತಿದ್ದರು. ಎಷ್ಟು ಎತ್ತರಕ್ಕೆ ಹೋಗಬೇಕಾಗಿದ್ದ ಹುಡುಗ, ಟಿವಿಯಲ್ಲಿ ಕೂತು ಮಾರ್ಕ್ಸ್ ಕೊಡುವ ಹಾಗಾಯಿತಲ್ಲ ಎಂದು ಬೇಜಾರಾಯಿತು. ಆ ಮುಗ್ಧ ಮುಖ ಎಲ್ಲಿ ಹೋಯಿತು? ಬಾಲನಟರು ದೊಡ್ಡವರಾದ ಮೇಲೆ ನಟನೆ ಬಿಟ್ಟುಬಿಡುವುದೇ ಮೇಲು. ಮಾಲ್ಗುಡಿಯ ಸ್ವಾಮಿಯನ್ನು ನೋಡಿ, ನೆನಪಾದರೂ ಚೆನ್ನಾಗಿ ಉಳಿಯಿತು.’

ಮೇಷ್ಟ್ರೇ, ಮೊದಲು ನಿಮ್ಮ ಕಡೆಯ ಮಾತು ಆಡಿಬಿಡ್ತೇನೆ. ‘ಮಾಲ್ಗುಡಿ ಡೇಸ್’ ಸೀರಿಯಲ್‌ನಲ್ಲಿ ಶಂಕರ್ ನಾಗ್ ಆಗುಂಬೆಯ ಬೀದಿಯಲ್ಲಿ ಓಡಾಡಿಸಿದ ಸ್ವಾಮಿ, ಅಂದರೆ ಮಾಸ್ಟರ್ ಮಂಜುನಾಥ್, ಬೆಳೆದ ಮೇಲೆ ನಟನೆ ಬಿಟ್ಟು ಬೇರೆ ಕೆಲಸ ಹಿಡಿದರು. ಅದು ಅವರಿಷ್ಟ, ಅದರಲ್ಲಿ ಒಂದು ಚಂದವೂ ಇದೆ. ವಿಜಯ್ ಅವರ ಎಲ್ಲಾ ಸಿನಿಮಾಗಳೂ ಚೆನ್ನಾಗಿದ್ದವು ಅಂತ ನಾನು ಹೇಳೋದಿಲ್ಲ, ಒಂದೆರಡನ್ನು ಇಂಟರ್ವಲ್‌ಗೇ ಬಿಟ್ಟು ಎದ್ದು ಬಂದಿದ್ದೇನೆ. ರಾಜ್‌ಕುಮಾರ್ ಮನೆತನದ ನೆಂಟಸ್ತಿಕೆ ಇತ್ತು, ಪಾರ್ವತಮ್ಮನವರ ಸೋದರಳಿಯ, ಗಾಂಧಿನಗರದಲ್ಲಿ ಬೇರೆಯವರಷ್ಟು ಅಲೆಯಬೇಕಾಗಲಿಲ್ಲ ಅಂದರೂ ಒಪ್ಪುತ್ತೇನೆ.

ಇಷ್ಟು ಒಪ್ಪಿದ್ದಾಯಿತು. ಇನ್ನು ನನ್ನ ಸರದಿ.

ಸುಮ್ನೆ ಲೆಕ್ಕ ಹಾಕಿ ನೋಡಿ. 1993ರಲ್ಲಿ ನಾಗಾಭರಣ ಅವರ ‘ಚಿನ್ನಾರಿ ಮುತ್ತ’. ಮರುವರ್ಷ ನಾಗತಿಹಳ್ಳಿ ಚಂದ್ರಶೇಖರ್ ಅವರ ‘ಕೊಟ್ರೇಶಿ ಕನಸು’. ಕುಂ.ವೀ. ಬರೆದ ಕಥೆ, ಓದಬೇಕು ಅನ್ನುವ ಹಟಕ್ಕೆ ಬಿದ್ದ ಬಡ ಹುಡುಗನ ಪಾತ್ರ. ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಆಮೇಲೆ 2002ರಲ್ಲಿ ‘ನಿನಗಾಗಿ’ಯಲ್ಲಿ ಹೀರೋ. 2013ರಲ್ಲಿ ಬಿಗ್ ಬಾಸ್ ಕನ್ನಡದ ಮೊದಲ ಸೀಸನ್ ಗೆದ್ದರು. 2016ರಲ್ಲಿ ನೀವು ಹೇಳುವ ಆ ಜಡ್ಜ್ ಕುರ್ಚಿ. 2018ರಲ್ಲಿ ಒಂದು ಸಿನಿಮಾಕ್ಕೆ ತಾವೇ ನಿರ್ದೇಶಕ. 2021ರ ‘ಸೀತಾರಾಮ್ ಬಿನೋಯ್’ ಅವರ ಐವತ್ತನೆಯ ಚಿತ್ರ, ಅದರಲ್ಲಿ ಪೊಲೀಸ್ ಪಾತ್ರ, ಏನೂ ಅಬ್ಬರ ಇಲ್ಲದೆ ಮಾಡಿದ್ದಾರೆ. ಮುತ್ತನಿಂದ ಹಿಡಿದರೂ ಮೂವತ್ತು ವರ್ಷ ದಾಟಿತು.

ನೀವು ಎಷ್ಟು ವರ್ಷ ಪಾಠ ಮಾಡಿದಿರಿ ಮೇಷ್ಟ್ರೇ? ಮೂವತ್ತು, ಮೂವತ್ತೆರಡು? ಡಿಡಿಪಿಐ ಆಗಲಿಲ್ಲ ಅಂತ ಯಾರಾದರೂ ನಿಮ್ಮ ಅಷ್ಟೂ ವರ್ಷವನ್ನು ದಂಡ ಅಂದರೆ ನಿಮಗೆ ಹೇಗಾಗುತ್ತೆ? ಇನ್ನು ಮಾರ್ಕ್ಸ್ ಕೊಡೋದು ಕೀಳು ಕೆಲಸ ಅಂತ ನೀವು ಬರೆದಿದ್ದನ್ನು ಓದಿ ನನಗೆ ನಗು ಬಂತು. ಕಟಿಂಗ್ ಮೇಲೆ ‘ಭೇಷ್’ ಅಂತ ಬರೆದವರು ಯಾರು ಸ್ವಾಮಿ?

ನನಗೆ ಈ ಮೂವತ್ತು ವರ್ಷದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು ಪ್ರಶಸ್ತಿ ಅಲ್ಲ, 1994ರಿಂದ 2002ರ ನಡುವಿನ ಖಾಲಿ ಜಾಗ. ಆ ಎಂಟು ವರ್ಷಗಳಲ್ಲಿ ಹುಡುಗನಿಗೆ ದನಿ ಒಡೆಯುತ್ತದೆ. ಮೀಸೆ ಬರುತ್ತದೆ. ನೋಡಿದ ತಕ್ಷಣ ಕೆನ್ನೆ ಹಿಂಡುತ್ತಿದ್ದವರು ಈಗ ‘ಅಯ್ಯೋ ಎಷ್ಟು ಉದ್ದ ಆಗಿಬಿಟ್ಟೆ’ ಅಂತಾರೆ, ಅದೇನೋ ತಪ್ಪು ಮಾಡಿದ ಹಾಗೆ. ಯಾವ ಮುಖಕ್ಕೆ ಜನ ಚಪ್ಪಾಳೆ ತಟ್ಟಿದ್ದರೋ ಆ ಮುಖ ಬೆಳಿಗ್ಗೆ ಎದ್ದರೆ ಕನ್ನಡಿಯಲ್ಲಿ ಇರೋದಿಲ್ಲ. ಮಗುವಾಗಿದ್ದಾಗ ನಿರ್ದೇಶಕ ಹೇಳಿದ ಹಾಗೆ ತಿರುಗಿ, ನಕ್ಕು, ಅತ್ತರೆ ಸಾಕಾಗಿತ್ತು, ಉಳಿದದ್ದನ್ನು ವಯಸ್ಸೇ ನೋಡಿಕೊಳ್ಳುತ್ತಿತ್ತು. ದೊಡ್ಡವನಾದ ಮೇಲೆ ಹಳೆಯದನ್ನು ಮರೆತು ಹೊಸದಾಗಿ ಕಲಿಯಬೇಕು, ಅದೂ ಊರೆಲ್ಲ ನೋಡುತ್ತಿರುವಾಗ.

ಪುನೀತ್ ರಾಜ್‌ಕುಮಾರ್ ಕಥೆಯೂ ಇದೇ ಅಲ್ವಾ? ಆರು ತಿಂಗಳ ಕೂಸಾಗಿ ‘ಪ್ರೇಮದ ಕಾಣಿಕೆ’ಯಲ್ಲಿ ಕಾಣಿಸಿಕೊಂಡವರು. ‘ಬೆಟ್ಟದ ಹೂವು’ ಚಿತ್ರದಲ್ಲಿ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳೋದಕ್ಕೆ ಕಾಸು ಕೂಡಿಡುವ ರಾಮುವನ್ನು ಯಾರು ಮರೆತಾರು. ಅದಕ್ಕೂ ರಾಷ್ಟ್ರಪ್ರಶಸ್ತಿ. 1989ರಲ್ಲಿ ‘ಪರಶುರಾಮ್’ ಆದ ಮೇಲೆ ತೆರೆಯಿಂದ ಮಾಯ. ಮತ್ತೆ ಹೀರೋ ಆಗಿ ಬಂದದ್ದು 2002ರ ‘ಅಪ್ಪು’ವಿನಲ್ಲಿ, ಹದಿಮೂರು ವರ್ಷ ಬಿಟ್ಟು. ಆ ವರ್ಷ ನಮ್ಮಲ್ಲಿ ಇಬ್ಬರು ಹಳೇ ಬಾಲನಟರು ಒಟ್ಟಿಗೆ ಹೀರೋಗಳಾದರು, ಇದನ್ನು ಯಾರೂ ಜಾಸ್ತಿ ಗಮನಿಸಿದ ಹಾಗಿಲ್ಲ. ಒಬ್ಬರು ಎಲ್ಲಿಗೆ ಹೋದರು ಅಂತ ಎಲ್ಲರಿಗೂ ಗೊತ್ತು. 2012ರಲ್ಲಿ ‘ಕನ್ನಡದ ಕೋಟ್ಯಧಿಪತಿ’ ನಡೆಸೋದಕ್ಕೆ ಪುನೀತ್ ಕೂತಾಗ ‘ಅಪ್ಪು ನಮ್ಮ ಮನೆಗೇ ಬಂದರು’ ಅಂದೆವು. ವಿಜಯ್ ಕೂತರೆ ‘ಟಿವಿಗೆ ಇಳಿದರು’ ಅಂತೀವಿ. ಅದೇ ಟಿವಿ, ಅದೇ ಕುರ್ಚಿ. ಒಬ್ಬರಿಗೆ ಬರೋದು, ಇನ್ನೊಬ್ಬರಿಗೆ ಇಳಿಯೋದು. ಇದು ಯಾವ ವ್ಯಾಕರಣ, ನೀವೇ ಹೇಳಿ.

ದೂರದ್ದೊಂದು ಕಥೆ ಹೇಳ್ತೇನೆ, ಸಿಟ್ಟಾಗಬೇಡಿ. ಜಾಕಿ ಕೂಗನ್ ಅಂತ ಒಬ್ಬರಿದ್ದರು. 1921ರಲ್ಲಿ ಚಾಪ್ಲಿನ್ ಜೊತೆ ‘ದಿ ಕಿಡ್’ನಲ್ಲಿ ನಟಿಸಿದ ಪುಟ್ಟ ಹುಡುಗ, ದೊಡ್ಡ ಟೋಪಿ, ಹರಿದ ಪ್ಯಾಂಟು. ಲೋಕವೇ ಅವನನ್ನು ಎತ್ತಿ ಮುದ್ದಾಡಿತು. ಅವನು ದುಡಿದದ್ದು ಲಕ್ಷಾಂತರ ಡಾಲರ್. ದೊಡ್ಡವನಾಗಿ ಕೇಳಿದರೆ ಅಮ್ಮ, ಮಲತಂದೆ ಎಲ್ಲಾ ಖರ್ಚು ಮಾಡಿಬಿಟ್ಟಿದ್ದರು. 1938ರಲ್ಲಿ ಹೆತ್ತ ತಾಯಿಯ ಮೇಲೇ ಕೇಸು ಹಾಕಬೇಕಾಯಿತು, ಕೈಗೆ ಬಂದದ್ದು 1,26,000 ಡಾಲರ್. ಮರುವರ್ಷ ಕ್ಯಾಲಿಫೋರ್ನಿಯಾದಲ್ಲಿ ಬಾಲನಟರ ದುಡಿಮೆ ಕಾಯುವ ಕಾನೂನು ಬಂತು, ಜನ ಅದನ್ನು ಕೂಗನ್ ಹೆಸರಿನಲ್ಲೇ ಕರೆಯುತ್ತಾರೆ. ನಿಮ್ಮ ಲೆಕ್ಕದಲ್ಲಿ ಅವನು ಅಲ್ಲಿಗೇ ನಿಲ್ಲಿಸಬೇಕಿತ್ತು. ಅವನು ನಿಲ್ಲಿಸಲಿಲ್ಲ. 1964ರಲ್ಲಿ ‘ದಿ ಆಡಮ್ಸ್ ಫ್ಯಾಮಿಲಿ’ ಅನ್ನೋ ಟಿವಿ ಸೀರಿಯಲ್‌ನಲ್ಲಿ ಬೋಳು ತಲೆಯ ಫೆಸ್ಟರ್ ಮಾವನಾಗಿ ಬಂದ. ಬಾಯಿಗೆ ಬಲ್ಬ್ ಇಟ್ಟುಕೊಂಡರೆ ಬಲ್ಬ್ ಹತ್ತಿಕೊಳ್ಳುತ್ತಿತ್ತು! ಮಕ್ಕಳು ಬಿದ್ದು ಬಿದ್ದು ನಕ್ಕರು. ಚಾಪ್ಲಿನ್ ಪಕ್ಕ ನಿಂತಿದ್ದ ಹುಡುಗ ಇವನೇ ಅಂತ ಆ ಮಕ್ಕಳಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ. ಗೊತ್ತಿಲ್ಲದಿದ್ದರೂ ನಕ್ಕರಲ್ಲ, ನಟನಿಗೆ ಅದಕ್ಕಿಂತ ಇನ್ನೇನು ಬೇಕು?

ಮುಗ್ಧ ಮುಖ ಎಲ್ಲಿ ಹೋಯಿತು ಅಂತ ಕೇಳಿದ್ದೀರಿ. ಮುಗ್ಧ ಮುಖಗಳ ಅಡುಗೆಮನೆ ಹೇಗಿರುತ್ತೆ ಅಂತ ಒಮ್ಮೆ ನೋಡಿ ಬಂದಿದ್ದೇನೆ. ವರದಿಗಾರನಾಗಿದ್ದಾಗ ಒಂದು ಸೀರಿಯಲ್ ಸೆಟ್‌ಗೆ ಹೋಗಿದ್ದೆ. ಏಳು ವರ್ಷದ ಹುಡುಗ, ಮನೆಮಂದಿಯ ಕಣ್ಮಣಿಯ ಪಾತ್ರ. ಹಿಂದಿನ ರಾತ್ರಿ ಮುಂದಿನ ಹಾಲುಹಲ್ಲು ಬಿದ್ದುಹೋಗಿತ್ತು. ಅರ್ಧ ಸೀನು ಮೊನ್ನೆ ಶೂಟ್ ಆಗಿದೆ, ಹಲ್ಲಿದೆ. ಉಳಿದರ್ಧಕ್ಕೆ ಹಲ್ಲಿಲ್ಲ. ಕಂಟಿನ್ಯೂಟಿ ಹಾಳಾಯಿತು ಅಂತ ಸೆಟ್‌ನಲ್ಲಿ ದೊಡ್ಡ ಗಲಾಟೆ. ಕೊನೆಗೆ ಮೇಕಪ್‌ನವರು ಬಿಳಿ ಮೇಣ ಉಂಡೆ ಮಾಡಿ ಒಸಡಿಗೆ ಅಂಟಿಸಿದರು. ಡೈಲಾಗ್ ಹೇಳುವಾಗಲೆಲ್ಲ ಅದು ಬಿದ್ದುಹೋಗುತ್ತಿತ್ತು, ಹುಡುಗ ಎತ್ತಿಕೊಂಡು ಹೋಗಿ ಅವರ ಕೈಗೆ ಕೊಡುತ್ತಿದ್ದ. ಆರನೇ ಟೇಕೋ ಏಳನೆಯದೋ, ಅಸಿಸ್ಟೆಂಟ್ ಡೈರೆಕ್ಟರ್ ‘ಬಾಯಿ ಮುಚ್ಕೊಂಡೇ ನಗು ಪುಟ್ಟ’ ಅಂದರು. ಹುಡುಗ ಹಾಗೇ ನಕ್ಕ. ರಾತ್ರಿ ಒಂಬತ್ತಾಗಿತ್ತು. ಹಲ್ಲು ಬಿದ್ದರೆ ಮಕ್ಕಳು ಊರಿಗೆಲ್ಲ ತೋರಿಸಿಕೊಂಡು ಬರ್ತಾರೆ, ಈ ಮಗು ಬೆಳಿಗ್ಗೆಯಿಂದ ಅದನ್ನು ಮುಚ್ಚಿಡ್ತಾ ಇತ್ತು.

ನಮ್ಮಲ್ಲೂ ಈಗ ಕಾನೂನು ಇದೆ. 2016ರಲ್ಲಿ ಬಾಲಕಾರ್ಮಿಕ ಕಾಯ್ದೆಗೆ ತಿದ್ದುಪಡಿ ಆಯಿತು, ಮರುವರ್ಷ ನಿಯಮಗಳು ಬಂದವು. ಮಗುವಿನಿಂದ ದಿನಕ್ಕೆ ಐದು ಗಂಟೆಗಿಂತ ಜಾಸ್ತಿ ನಟನೆ ಮಾಡಿಸುವ ಹಾಗಿಲ್ಲ. ಬಿಡುವು ಕೊಡದೆ ಮೂರು ಗಂಟೆ ಮೀರುವ ಹಾಗಿಲ್ಲ. ಒಂದೇ ಸಮ 27 ದಿನ ದಾಟುವ ಹಾಗಿಲ್ಲ. ಜಿಲ್ಲಾಧಿಕಾರಿಯ ಅನುಮತಿ ಬೇಕು. ದುಡಿಮೆಯಲ್ಲಿ ಕಡೇಪಕ್ಷ ಶೇ. 20ರಷ್ಟು ಮಗುವಿನ ಹೆಸರಲ್ಲಿ ಬ್ಯಾಂಕಿನ ಎಫ್‌ಡಿಗೆ ಹೋಗಬೇಕು. ಕಾಗದದ ಮೇಲೆ ಚೆನ್ನಾಗಿದೆ. ಇದನ್ನು ಹೇಳಿದರೆ ಅಪ್ಪ ಅಮ್ಮಂದಿರೇ ‘ಹೌದಾ ಸಾರ್?’ ಅಂತ ನನ್ನ ಮುಖ ನೋಡಿದ್ದಾರೆ.

ಇನ್ನೊಂದು ಹೊಟ್ಟೆಯುರಿ ಇದೆ, ಹೇಳಿಯೇ ಬಿಡ್ತೇನೆ. ‘ಘಟಶ್ರಾದ್ಧ’ದ ನಾಣಿ, ‘ಕಾಡು’ ಚಿತ್ರದ ಹುಡುಗ, ಇವರ ಕಣ್ಣಲ್ಲಿ ನಾವು ದೊಡ್ಡವರ ಲೋಕ ನೋಡಿದ್ದೆವು. ಈಗ ಉಲ್ಟಾ. ಮಕ್ಕಳ ಬಾಯಲ್ಲಿ ದೊಡ್ಡವರ ಮಾತು ತುರುಕಿ, ಅತ್ತೆ-ಸೊಸೆ ಜಗಳ ಆಡಿಸಿ, ಗಂಡ-ಹೆಂಡತಿ ಜೋಕ್ ಹೇಳಿಸಿ ನಗ್ತೀವಿ. ಮಕ್ಕಳ ಸಿನಿಮಾ ತೆಗೆಯೋ ನಿರ್ಮಾಪಕರನ್ನು ಹುಡುಕಬೇಕು. ಸಿಕ್ಕರೂ ಥಿಯೇಟರ್‌ನವರು ಬೆಳಗಿನ ಆಟ ಕೊಡ್ತಾರೆ, ಅದೂ ಮಕ್ಕಳು ಸ್ಕೂಲಲ್ಲಿರೋ ಹೊತ್ತಿಗೆ. ಇಂಥದ್ದರಲ್ಲಿ ಜಡ್ಜ್ ಕುರ್ಚಿಯಲ್ಲಿ, ಆ ವಯಸ್ಸಲ್ಲಿ ಕ್ಯಾಮೆರಾ ಮುಂದೆ ನಿಂತು ಬಂದವರೊಬ್ಬರು ಇರೋದು ಒಳ್ಳೆಯದಲ್ವಾ? ಮೈಕ್ ಹಿಡಿದು ನಡುಗೋ ಮಗುವಿಗೆ ಏನಾಗ್ತಿದೆ ಅಂತ ಅವರಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಾಗಬೇಕು?

ನಿಮ್ಮನ್ನೊಬ್ಬರನ್ನೇ ಬೈದರೆ ಅನ್ಯಾಯ. ನಮ್ಮ ಪತ್ರಿಕೆಯೂ ‘ಆಗ-ಈಗ’ ಅಂತ ಒಂದು ಪುಟ ನಡೆಸುತ್ತಿತ್ತು, ನೀವೂ ನೋಡಿರ್ತೀರಿ. ಎಡಕ್ಕೆ ಹಾಲುಗಲ್ಲದ ಫೋಟೋ, ಬಲಕ್ಕೆ ಕನ್ನಡಕ, ನರೆಗೂದಲು. ಕೆಳಗೆ ಒಂದು ಅಯ್ಯೋ ಅನ್ನೋ ಸಾಲು. ಆ ಸಾಲುಗಳನ್ನು ಎಷ್ಟೋ ಸಲ ನಾನೇ ಬರೆದಿದ್ದೇನೆ. ನಡುವಿನ ಇಪ್ಪತ್ತು ಮೂವತ್ತು ವರ್ಷಕ್ಕೆ ಆ ಪುಟದಲ್ಲಿ ಒಂದು ಸಣ್ಣ ಗೆರೆ ಬಿಟ್ಟರೆ ಜಾಗವೇ ಇರಲಿಲ್ಲ. ನಿಮ್ಮ ಪತ್ರ ಓದಿದ ದಿನವೇ ಆ ಪುಟ ನಿಲ್ಲಿಸಿ ಅಂತ ಹುಡುಗರಿಗೆ ಹೇಳಿದೆ. ಮುಂದಿನ ಸಂಚಿಕೆಗೆ ತೆಗೆದಿಟ್ಟಿದ್ದ ಫೋಟೋಗಳನ್ನು ಲೈಬ್ರರಿಗೆ ವಾಪಸ್ ಕಳಿಸಿಯಾಯಿತು.

ನಿಮ್ಮ ಕಟಿಂಗ್ ಮಾತ್ರ ನನ್ನ ಡ್ರಾಯರ್‌ನಲ್ಲಿದೆ. ಮಡಿಕೆಯ ಜಾಗದಲ್ಲಿ ಪುಡಿ ಉದುರ್ತಾ ಇದೆ, ಅಂಚೆಯಲ್ಲಿ ಹಾಕಿದರೆ ತಡೆಯೋದಿಲ್ಲ. ಬೆಂಗಳೂರಿಗೆ ಬಂದಾಗ ಆಫೀಸಿಗೆ ಬನ್ನಿ, ಕೈಗೇ ಕೊಡ್ತೇನೆ. ಬರುವಾಗ ಆ ಕೆಂಪು ಪೆನ್ನು ಜೇಬಲ್ಲಿರಲಿ, ವಿಜಯ್ ಅವರ ಈಚಿನ ಫೋಟೋ ಒಂದನ್ನು ಹುಡುಕಿ ಇಟ್ಟಿರ್ತೇನೆ.

– ಸಂ.