ಬೈಗುಳ ಬೇಡ, ಅವನ ಸುಳ್ಳನ್ನು ಹಾಡಿ

ಮೋಸ ಮಾಡಿದ ಹುಡುಗನ ಮೇಲಿನ ಪಾಪ್ ಹಾಡನ್ನು ಕಾರವಾರದಿಂದ ಬರೆದು, ಮೊಬೈಲಿನಲ್ಲಿ ಹಾಡಿಯೂ ಕಳಿಸಿದವರಿಗೆ,

ಈಗಿರುವ ಹಾಗೆ ಇದನ್ನು ತೆಗೆದುಕೊಳ್ಳಲಾರೆವು. ಹಾಗಂತ ಹರಿದು ಹಾಕಬೇಡಿ. ಮೂರನೇ ಚರಣದಲ್ಲಿ ಒಳ್ಳೆಯ ಹಾಡೊಂದು ಅಡಗಿ ಕೂತಿದೆ.

ಪಲ್ಲವಿ ‘ವಿಶ್ವಾಸಘಾತಕ ನೀನು’ ಎಂದು ಶುರುವಾಗುತ್ತದೆ. 12 ಮಾತ್ರೆ, ನಾಲ್ಕರ ಮೂರು ಗಣ, ಲೆಕ್ಕ ಸರಿ. ಆದರೂ ನಿಮ್ಮ ದನಿ ಅಲ್ಲೇ ಎಡವುತ್ತದೆ. ವಿಶ್ವಾ–ಸಘಾತ–ಕನೀನು ಎಂದು ಒಡೆದು ನೋಡಿ: ಕೊನೆಯ ಎರಡೂ ಲಘು-ಗುರು-ಲಘು. ತಾಳ ಬೀಳುವುದು ಲಘುವಿನ ಮೇಲೆ, ನಾಲಗೆ ಒತ್ತುವುದು ಮುಂದಿನ ಗುರುವನ್ನು. ಮೇಲಾಗಿ, ಜಗಳಕ್ಕೆ ನಿಂತವರು ಯಾರೂ ಈ ಪದ ಆಡುವುದಿಲ್ಲ. ಸಿಟ್ಟಿಗೆ ನಮ್ಮ ಒತ್ತಕ್ಷರಗಳೇ ಸಾಕು: ಕೊಟ್ಟೆ, ಬಿಟ್ಟೆ, ಸುಟ್ಟೆ. ಎಳೆದು ಹಾಡುವ ಸಾಲು ಮಾತ್ರ ಆ, ಏ, ಓಗಳಲ್ಲಿ ನಿಲ್ಲಲಿ. ‘ನೀನು’ವಿನ ಉಕಾರ ಎಳೆದರೆ ದನಿ ಕಟ್ಟುತ್ತದೆ.

ಈಗ ಮೂರನೇ ಚರಣ. ‘ಜುಲೈ ಮಳೆಯಲ್ಲಿ ಬೋಟಿಗೆ ಹೋದವನು’ ಎಂದಿದ್ದೀರಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಮೀನಿಗೆ ಹೋಗುವಂತಿಲ್ಲ. ನಿಮ್ಮೂರಿನ ಬೈತಖೋಲ ಬಂದರಿನಲ್ಲಿ ಅವನ್ನು ಸಾಲಾಗಿ ಕಟ್ಟಿಹಾಕಿರುತ್ತಾರೆ. ನೀವು ಗಮನಿಸದೆ ಬರೆದಂತಿದೆ, ಆದರೆ ಅದನ್ನೇ ಅವನ ಬಾಯಿಗೆ ಹಾಕಿ. ಬೋಟಿಗೆ ಹೋಗಿದ್ದೆ ಎಂದ. ಹಾಡಿನ ಹುಡುಗಿ ಬಂದರಿಗೆ ಹೋಗಿ ನೋಡಿದರೆ ಬೋಟು ಅಲ್ಲೇ ಇದೆ, ಹಗ್ಗ ಬಿಚ್ಚಿಲ್ಲ. ಒಡೆದ ಹೃದಯ, ವಿಷದ ನಗೆ, ಕಣ್ಣೀರ ಕಡಲು ಯಾವುದೂ ಬೇಕಾಗುವುದಿಲ್ಲ. ಉದಾಹರಣೆಗೆ:

ಬೋಟೇ ಇಳಿಯದ ಆಷಾಢದಲ್ಲಿ
ಯಾವ ಕಡಲೊಳಗೆ ಬಲೆ ಬೀಸಿದೆಯೋ

ಎರಡೂ ಸಾಲು 16 ಮಾತ್ರೆ, ಕೊನೆಗೆ ಎಳೆಯಲು ‘ಯೋ’. ಇದನ್ನೇ ಇಟ್ಟುಕೊಳ್ಳಬೇಕೆಂದಿಲ್ಲ, ನಿಮ್ಮದೇ ಕಟ್ಟಿ. ಆದರೆ ಇದು ಪಲ್ಲವಿಯ ಜಾಗದ ಮಾತು, ಮೂರನೇ ಚರಣದವರೆಗೆ ಕಾಯಿಸಬೇಡಿ.

ಪಲ್ಲವಿಯಲ್ಲಿ ‘ನೀನು’ ಎಂದವಳು ಚರಣದಲ್ಲಿ ‘ಅವನು’ ಎನ್ನುತ್ತಾಳೆ. ಎದುರು ನಿಂತು ಕೇಳುತ್ತಿದ್ದವಳು ಗೆಳತಿಯ ಹತ್ತಿರ ಚಾಡಿ ಹೇಳಿದಂತಾಗಿ ಕೋಪ ಆರುತ್ತದೆ. ಉದ್ದಕ್ಕೂ ‘ನೀನು’ ಇರಲಿ. ಇನ್ನೊಬ್ಬ ಹುಡುಗಿಯನ್ನು ಬೈಯುವ ಎರಡನೇ ಚರಣ ಪೂರ್ತಿ ತೆಗೆಯಿರಿ. ಮಾತು ಕೊಟ್ಟವನು ಅವನು, ಅವಳಲ್ಲ. ನಿಮ್ಮ ಕಾರವಾರದ ಟಾಗೋರ್ ಬೀಚಿನಲ್ಲಿ ಸೂರ್ಯ ಕಡಲಿಂದ ಏಳುವುದಿಲ್ಲ, ಕಡಲಿಗೆ ಇಳಿಯುತ್ತಾನೆ, ಅದನ್ನೂ ತಿದ್ದಿ.

ರಾಗದ ವಿಷಯ ಒಂದೇ. ಮೊದಲ ಸಾಲೇ ತಾರಸ್ಥಾಯಿಯಲ್ಲಿ, ಅಂದರೆ ಎತ್ತರದ ದನಿಯಲ್ಲಿದ್ದರೆ ಆಮೇಲೆ ಏರಲು ಜಾಗವಿಲ್ಲ. ಚರಣವನ್ನು ಮಾತಾಡುವ ಶ್ರುತಿಯಲ್ಲೇ ಹಾಡಿ, ‘ಬೋಟು ಅಲ್ಲೇ ಇದೆ’ ಎನ್ನುವಲ್ಲಿ ವಾದ್ಯ ನಿಲ್ಲಿಸಿ, ಪಲ್ಲವಿಗೆ ಏರಿ.

ಎರಡು ಚರಣಕ್ಕೆ ಇಳಿಸಿ, ಚಿಟಿಕೆ ಹಾಕುತ್ತಾ ಹಾಡಿ ಮತ್ತೆ ಕಳಿಸಿ.